ಜೊಳ್ಳಿನೊಡನೆ ಕಾಳೂ ಹಾರಿದಾಗ: ಬೇಕಾದ ಇ-ಮೇಲ್ ಸ್ಪ್ಯಾಮ್ ಪೆಟ್ಟಿಗೆಯನ್ನು ಸೇರುವುದೇಕೆ?

ಕಣದಲ್ಲಿ ರಾಗಿ ತೂರಿದ ಅನುಭವವುಳ್ಳವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಗಾಳಿ ಮಂದವಾಗಿದ್ದರೆ ಜೊಳ್ಳು ಕಾಳಿನ ರಾಶಿಯಲ್ಲಿಯೇ ಉಳಿದುಬಿಡುತ್ತದೆ. ಗಾಳಿ ಬಿರುಸಾದರೆ ಜೊಳ್ಳಿನೊಡನೆ ಗಟ್ಟಿ ಕಾಳೂ ಹಾರಿ ಹೊಟ್ಟಿನ ಗುಡ್ಡೆಯನ್ನು ಸೇರುತ್ತದೆ. ಆದುದರಿಂದಲೇ ಅನುಭವಿ ರೈತನು ತೂರಿ ಮುಗಿಸಿದ ಬಳಿಕ ಹೊಟ್ಟಿನ ಗುಡ್ಡೆಯಲ್ಲಿಯೂ ಒಮ್ಮೆ ಕೈಯಾಡಿಸಿ ನೋಡದೆ ಕಣ ಬಿಟ್ಟು ಏಳುವುದಿಲ್ಲ.

ಇಂದು ನಮ್ಮ ವ್ಯಾಪಾರ ವಹಿವಾಟಿನ ಬಹುಪಾಲು ಕಾಗದಪತ್ರಗಳು ಇ-ಮೇಲ್ ಮೂಲಕವೇ ಬರುತ್ತವೆ. ಅವುಗಳನ್ನು ತೂರುವ ಕೆಲಸವನ್ನು ನಾವು ಸ್ಪ್ಯಾಮ್ ಫಿಲ್ಟರ್ ಎಂಬ ಯಂತ್ರದ ಜರಡಿಗೆ ಒಪ್ಪಿಸಿದ್ದೇವೆ. ಜರಡಿ ತನ್ನ ಕೆಲಸವನ್ನು ಬಹುಮಟ್ಟಿಗೆ ಸರಿಯಾಗಿಯೇ ಮಾಡುತ್ತದೆ. ಆದರೆ ಹೊಟ್ಟಿನ ಗುಡ್ಡೆಯಲ್ಲಿ ಕೈಯಾಡಿಸಿ ನೋಡುವ ರೂಢಿ ಮಾತ್ರ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಅದರಿಂದ ಆಗುವ ನಷ್ಟವೇನು, ಅದನ್ನು ತಪ್ಪಿಸುವ ಬಗೆ ಯಾವುದು ಎಂಬುದನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಹೊಳವನಹಳ್ಳಿಯ ಒಂದು ಪ್ರಸಂಗ

ಕೊರಟಗೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹೊಳವನಹಳ್ಳಿಯಲ್ಲಿ ಬೀಜ ತೆಗೆದ ಹುಣಸೆಹಣ್ಣಿನ ವ್ಯಾಪಾರ ಮಾಡುವ ವರ್ತಕರೊಬ್ಬರು ಈ ಲೇಖಕನಿಗೆ ಬಹುಕಾಲದ ಪರಿಚಿತರು. ಕಳೆದ ಸುಗ್ಗಿಯಲ್ಲಿ ಅವರು ಹೊರ ರಾಜ್ಯದ ಸಂಸ್ಥೆಯೊಂದಕ್ಕೆ ಹಣ್ಣಿನ ಮಾದರಿಯನ್ನು ಕಳುಹಿಸಿದ್ದರು. ಮಾದರಿ ಒಪ್ಪಿಗೆಯಾಯಿತೆಂದೂ ಖರೀದಿ ಆದೇಶವನ್ನು ಇ-ಮೇಲ್‌ನಲ್ಲಿ ಕಳುಹಿಸುವೆವೆಂದೂ ದೂರವಾಣಿಯಲ್ಲಿ ತಿಳಿಸಲಾಯಿತು. ಇವರು ಹತ್ತು ಟನ್ ಮಾಲನ್ನು ಬೇರೆಯವರಿಗೆ ಕೊಡದೆ ಕಟ್ಟಿಟ್ಟುಕೊಂಡು ಕಾದರು. ನಾಲ್ಕು ದಿನವಾದರೂ ಆದೇಶ ಬರಲಿಲ್ಲ. ಐದನೆಯ ದಿನ ವಿಚಾರಿಸಿದಾಗ ಅತ್ತಲಿಂದ ಬಂದ ಉತ್ತರ ಇಷ್ಟೇ: “ಆದೇಶವನ್ನು ಮೊದಲ ದಿನವೇ ಕಳುಹಿಸಿದ್ದೆವು. ಮೂರು ದಿನದೊಳಗೆ ಒಪ್ಪಿಗೆ ಬಾರದ ಕಾರಣ ಬೇರೆ ಕಡೆ ಕೊಂಡೆವು.”

ಮಾರುಕಟ್ಟೆಯಲ್ಲಿ ಅಷ್ಟರಲ್ಲಿ ಧಾರಣೆ ಇಳಿದಿತ್ತು. ಮಾತಿಗೆ ತಪ್ಪಿದರೆಂದು ಇವರು ಅವರ ಮೇಲೆಯೂ, ಉತ್ತರ ಕೊಡಲಿಲ್ಲವೆಂದು ಅವರು ಇವರ ಮೇಲೆಯೂ ಬೇಸರಪಟ್ಟುಕೊಂಡದ್ದಾಯಿತು. ಮುಂದೆ ಆ ಖರೀದಿ ಆದೇಶ ಸಿಕ್ಕಿದ್ದು ಅವರ ಇ-ಮೇಲ್ ಖಾತೆಯ ಸ್ಪ್ಯಾಮ್ ಪೆಟ್ಟಿಗೆಯಲ್ಲಿ, ಲಾಟರಿ ಬಹುಮಾನದ ಹಾಗೂ ತ್ವರಿತ ಸಾಲದ ಆಮಿಷ ಒಡ್ಡುವ ಹತ್ತಾರು ಪತ್ರಗಳ ನಡುವೆ. ಅದರ ಕೆಳಗೆ ಇನ್ನೊಂದು ಪತ್ರವಿತ್ತು. ರಿಟರ್ನ್‌ನಲ್ಲಿ ಕಂಡುಬಂದ ವ್ಯತ್ಯಾಸಕ್ಕೆ ವಿವರಣೆ ಕೇಳಿ ಜಿ.ಎಸ್.ಟಿ. ಪೋರ್ಟಲ್‌ನಲ್ಲಿ ನೋಟೀಸು ಹೊರಡಿಸಲಾಗಿದೆ ಎಂಬ ಸೂಚನೆ ಅದಾಗಿತ್ತು. ಉತ್ತರ ಕೊಡಲು ಇನ್ನು ಉಳಿದಿದ್ದುದು ಆರು ದಿನ. ಮೊದಲನೆಯದು ಕಳೆದುಹೋದ ವ್ಯಾಪಾರ. ಎರಡನೆಯದು ಅದೃಷ್ಟವಶಾತ್ ಕೈಗೆ ಸಿಕ್ಕ ಗಂಡಾಂತರ.

ಇಲ್ಲಿ ಯಾರೂ ಯಾರಿಗೂ ಮೋಸ ಮಾಡಿರಲಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಸಣ್ಣ ವರ್ತಕರು ಹಾಗೂ ಉದ್ದಿಮೆದಾರರಲ್ಲಿ ಬಹುಮಂದಿಗೆ ಇ-ಮೇಲ್ ನೋಡಿಕೊಳ್ಳಲು ಪ್ರತ್ಯೇಕ ಸಿಬ್ಬಂದಿ ಇರುವುದಿಲ್ಲ. ಅಂಥವರಿಗೆ ಈ ಪ್ರಸಂಗ ಪಾಠವಾಗಬಹುದು.

ಜರಡಿ ಹುಟ್ಟಿದ ಬಗೆ

ಬೇಡದ ವಾಣಿಜ್ಯ ಪತ್ರಗಳ ಕಾಟ ಇ-ಮೇಲ್‌ನಷ್ಟೇ ಹಳೆಯದೆನ್ನಬಹುದು. 1978ರ ಮೇ ತಿಂಗಳಲ್ಲಿ ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಮಾರಾಟ ವಿಭಾಗದ ಗ್ಯಾರಿ ಥುರ್ಕ್ ಎಂಬವರು ಅಂದಿನ ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ತಮ್ಮ ಗಣಕಯಂತ್ರಗಳ ಜಾಹೀರಾತನ್ನು ಏಕಕಾಲಕ್ಕೆ ಕಳುಹಿಸಿದ್ದೇ ಇದರ ಮೊದಲ ನಿದರ್ಶನವೆಂದು ಪರಿಗಣಿತವಾಗಿದೆ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜಾಕ್ ಸ್ಮಿತ್ ಅವರೊಡಗೂಡಿ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದಾಗ ಇ-ಮೇಲ್ ಜನಸಾಮಾನ್ಯರಿಗೆ ಪುಕ್ಕಟೆಯಾಗಿ ದೊರೆಯುವಂತಾಯಿತು. ಪತ್ರ ಕಳುಹಿಸಲು ಖರ್ಚಿಲ್ಲವೆಂದಾದ ಮೇಲೆ ಬೇಡದ ಪತ್ರಗಳ ಪ್ರವಾಹವೂ ಅದರ ಹಿಂದೆಯೇ ಬಂದಿತು.

ಆರಂಭದ ಫಿಲ್ಟರ್‌ಗಳು ಕೆಲವು ಪದಗಳನ್ನು ಕಂಡೊಡನೆ ಪತ್ರವನ್ನು ತಳ್ಳಿಹಾಕುತ್ತಿದ್ದವು. 2002ರ ಆಗಸ್ಟ್‌ನಲ್ಲಿ ಪಾಲ್ ಗ್ರಹಾಂ ಎಂಬ ಗಣಕತಜ್ಞರು ಸಂಭವನೀಯತೆಯ ಲೆಕ್ಕಾಚಾರವನ್ನು ಆಧರಿಸಿದ ವಿಧಾನವೊಂದನ್ನು ಪ್ರಚುರಪಡಿಸಿದರು. ಒಂದೊಂದು ಪದವೂ ಒಳ್ಳೆಯ ಪತ್ರಗಳಲ್ಲಿ ಎಷ್ಟು ಸಲ, ಕೆಟ್ಟ ಪತ್ರಗಳಲ್ಲಿ ಎಷ್ಟು ಸಲ ಬರುತ್ತದೆಂದು ಯಂತ್ರವೇ ಎಣಿಸಿ ಕಲಿಯುವ ವಿಧಾನವದು. ಬೇಡದ ಪತ್ರವೊಂದು ಒಳನುಗ್ಗುವುದಕ್ಕಿಂತ ಬೇಕಾದ ಪತ್ರವೊಂದು ಕಳೆದುಹೋಗುವುದು ಬಹಳ ದೊಡ್ಡ ಹಾನಿಯೆಂದು ಅವರು ಒತ್ತಿ ಹೇಳಿದ್ದರು. ಆ ಕಾರಣದಿಂದಲೇ ತಮ್ಮ ಲೆಕ್ಕದಲ್ಲಿ ಒಳ್ಳೆಯ ಪತ್ರಗಳಲ್ಲಿ ಬಂದ ಪದಗಳ ಎಣಿಕೆಯನ್ನು ಇಮ್ಮಡಿಗೊಳಿಸಿದ್ದರು.

ಬಾಡಿಗೆ ಸರ್ವರ್‌ಗಳಲ್ಲಿ ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಸ್ಪ್ಯಾಮ್‌ಅಸಾಸಿನ್ ಎಂಬ ತಂತ್ರಾಂಶವು ಪ್ರತಿ ಪತ್ರಕ್ಕೂ ಅಂಕ ಹಾಕುತ್ತದೆ. ಅನುಮಾನ ಹುಟ್ಟಿಸುವ ಒಂದೊಂದು ಲಕ್ಷಣಕ್ಕೂ ಇಷ್ಟಿಷ್ಟು ಅಂಕ; ಒಟ್ಟು 5 ಅಂಕ ತಲುಪಿದರೆ ಪತ್ರ ಸ್ಪ್ಯಾಮ್ ಎನಿಸುತ್ತದೆ. ಮಾಲು ತೆಗೆದುಕೊಳ್ಳುವಾಗ ತೇವ, ಕಸ, ಬಣ್ಣ ಎಂದು ಒಂದೊಂದು ದೋಷವನ್ನೂ ಕೂಡಿಸಿ ದರ್ಜೆ ನಿರ್ಧರಿಸುವ ನಮ್ಮ ಮಂಡಿಯ ಕ್ರಮದಂತೆಯೇ ಇದು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಒಂದೇ ದೊಡ್ಡ ತಪ್ಪಿನಿಂದ ಪತ್ರ ತಿರಸ್ಕೃತವಾಗಬೇಕೆಂದಿಲ್ಲ. ನಾಲ್ಕಾರು ಸಣ್ಣ ತಪ್ಪುಗಳು ಕೂಡಿದರೂ ಸಾಕು.

ಜರಡಿ ಏನನ್ನು ನೋಡುತ್ತದೆ?

ಇಂದಿನ ಫಿಲ್ಟರ್‌ಗಳು ಮುಖ್ಯವಾಗಿ ಮೂರು ಸಂಗತಿಗಳನ್ನು ಪರಿಶೀಲಿಸುತ್ತವೆ: ಪತ್ರ ಕಳುಹಿಸಿದವರು ಯಾರು, ಪತ್ರದಲ್ಲಿ ಏನಿದೆ, ಪಡೆಯುವವರು ಅಂಥ ಪತ್ರಗಳನ್ನು ಹಿಂದೆ ಹೇಗೆ ನಡೆಸಿಕೊಂಡಿದ್ದಾರೆ.

ಕಳುಹಿಸಿದವರ ಗುರುತನ್ನು ದೃಢಪಡಿಸಿಕೊಳ್ಳಲು ಮೂರು ಏರ್ಪಾಡುಗಳಿವೆ. ಮೊದಲನೆಯದು ಎಸ್.ಪಿ.ಎಫ್. ತನ್ನ ಡೊಮೈನ್ ಹೆಸರಿನಲ್ಲಿ ಯಾವ ಯಾವ ಸರ್ವರ್‌ಗಳು ಪತ್ರ ಕಳುಹಿಸಬಹುದೆಂದು ಸಂಸ್ಥೆಯು ಬಹಿರಂಗವಾಗಿ ಪ್ರಕಟಿಸುವ ಪಟ್ಟಿ ಇದು. ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಯಾರಿಗಿದೆಯೆಂದು ಬ್ಯಾಂಕಿಗೆ ಕೊಡುವ ಪಟ್ಟಿಗೆ ಇದನ್ನು ಹೋಲಿಸಬಹುದು. ಎರಡನೆಯದು ಡಿಕಿಮ್. ಲಕೋಟೆಯ ಮೇಲಿನ ಅರಗಿನ ಮುದ್ರೆಯಂತೆ, ಪತ್ರವು ದಾರಿಯಲ್ಲಿ ತಿದ್ದುಪಡಿಯಾಗಿಲ್ಲವೆಂದು ತೋರಿಸುವ ಡಿಜಿಟಲ್ ಮುದ್ರೆ ಇದು. ಮೂರನೆಯದು ಡಿಮಾರ್ಕ್. ಮೇಲಿನ ಎರಡೂ ಹೊಂದದಿದ್ದಲ್ಲಿ ಪತ್ರವನ್ನು ಬಿಡಬೇಕೆ, ಸ್ಪ್ಯಾಮ್‌ಗೆ ಹಾಕಬೇಕೆ, ತಿರಸ್ಕರಿಸಬೇಕೆ ಎಂದು ಡೊಮೈನ್ ಒಡೆಯರು ನೀಡುವ ಸೂಚನೆ ಇದು.

2024ರ ಫೆಬ್ರವರಿಯಿಂದ ಜಿಮೇಲ್ ಹಾಗೂ ಯಾಹೂ ಈ ವಿಷಯದಲ್ಲಿ ಬಿಗಿಯಾದ ನಿಯಮಗಳನ್ನು ಜಾರಿಗೆ ತಂದವು. ಜಿಮೇಲ್ ಖಾತೆಗಳಿಗೆ ಪತ್ರ ಕಳುಹಿಸುವ ಎಲ್ಲರಿಗೂ ಎಸ್.ಪಿ.ಎಫ್. ಅಥವಾ ಡಿಕಿಮ್‌ಗಳಲ್ಲಿ ಒಂದಾದರೂ ಇರಬೇಕು. ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರಿಗೆ ಮೂರೂ ಇರಬೇಕು, ಜೊತೆಗೆ ಸ್ಪ್ಯಾಮ್ ದೂರುಗಳ ಪ್ರಮಾಣ ಶೇಕಡಾ 0.3ಕ್ಕಿಂತ ಕೆಳಗಿರಬೇಕು. 2025ರ ಮೇ ತಿಂಗಳಿನಿಂದ ಮೈಕ್ರೋಸಾಫ್ಟ್ ಸಂಸ್ಥೆಯೂ ತನ್ನ ಔಟ್‌ಲುಕ್ ಸೇವೆಯಲ್ಲಿ ದೊಡ್ಡ ಪ್ರಮಾಣದ ಕಳುಹಿಸುವವರಿಗೆ ಇಂಥದೇ ನಿಯಮ ವಿಧಿಸಿತು. ಹಲವು ವರ್ಷ ಸಲೀಸಾಗಿ ಬರುತ್ತಿದ್ದ ಹಳೆಯ ಗಿರಾಕಿಯ ಪತ್ರವು ಒಮ್ಮೆಲೇ ಸ್ಪ್ಯಾಮ್‌ಗೆ ಬೀಳತೊಡಗಿದರೆ ಅದಕ್ಕೆ ಇಂಥ ಬದಲಾವಣೆಯೇ ಕಾರಣವಾಗಿರಬಹುದು. ನಮ್ಮ ಹೊಳವನಹಳ್ಳಿಯ ವರ್ತಕರ ಪ್ರಸಂಗದಲ್ಲಿಯೂ ಆದದ್ದು ಇದೇ. ಕೊಳ್ಳುವ ಸಂಸ್ಥೆಯು ತನ್ನ ಇ-ಮೇಲ್ ಸೇವೆಯನ್ನು ಹೊಸ ಸರ್ವರ್‌ಗೆ ವರ್ಗಾಯಿಸಿಕೊಂಡಿತ್ತು, ಎಸ್.ಪಿ.ಎಫ್. ಪಟ್ಟಿಯಲ್ಲಿ ಮಾತ್ರ ಹಳೆಯ ಸರ್ವರ್‌ನ ಹೆಸರೇ ಉಳಿದಿತ್ತು. ಸಾಲದೆಂಬಂತೆ ಪತ್ರದ ವಿಷಯದ ಸಾಲು ಖಾಲಿಯಾಗಿತ್ತು. ಒಳಗೆ ಒಂದಕ್ಷರ ಬರೆಯದೆ ಒಂದು ಜಿಪ್ ಕಡತವನ್ನು ಮಾತ್ರ ಲಗತ್ತಿಸಲಾಗಿತ್ತು. ಜರಡಿಯ ಕಣ್ಣಿಗೆ ಅದು ವಂಚಕರ ಪತ್ರದಂತೆಯೇ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಕನ್ನಡದಲ್ಲಿ ಬರೆದರೆ ಪತ್ರ ಸ್ಪ್ಯಾಮ್‌ಗೆ ಹೋಗುವುದೇ ಎಂದು ಕೆಲವರು ಕೇಳುವುದುಂಟು. ಯುನಿಕೋಡ್ ಲಿಪಿಯಲ್ಲಿ ಬರೆದ ಕನ್ನಡಕ್ಕೆ ಅಂಥ ತೊಡಕಿಲ್ಲ. ಆದರೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಪಠ್ಯವನ್ನು ನೇರವಾಗಿ ಪತ್ರದೊಳಗೆ ಅಂಟಿಸಿದರೆ, ಆ ಫಾಂಟು ಇಲ್ಲದ ಯಂತ್ರಕ್ಕೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಓದುವವರಿಗೂ ಜರಡಿಗೂ ಅದು ಬರಿಯ ಕಲಸುಮೇಲೋಗರ. ಆದ್ದರಿಂದ ಇ-ಮೇಲ್‌ನಲ್ಲಿ ಯುನಿಕೋಡ್ ಕನ್ನಡವನ್ನೇ ಬಳಸುವುದು ಉತ್ತಮ.

ಕಾನೂನಿನ ದೃಷ್ಟಿಯಲ್ಲಿ

“ಪತ್ರ ಸ್ಪ್ಯಾಮ್‌ಗೆ ಹೋಗಿತ್ತು, ನಾನು ನೋಡಲಿಲ್ಲ” ಎಂಬ ಸಮಜಾಯಿಷಿ ಎಷ್ಟರಮಟ್ಟಿಗೆ ನಿಲ್ಲುತ್ತದೆ? ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ 13ನೆಯ ಪ್ರಕರಣದ ಪ್ರಕಾರ, ಪಡೆಯುವವರು ಇಂಥ ವಿಳಾಸಕ್ಕೇ ಕಳುಹಿಸಿ ಎಂದು ಗೊತ್ತುಪಡಿಸಿದ್ದಲ್ಲಿ, ವಿದ್ಯುನ್ಮಾನ ದಾಖಲೆಯು ಆ ಗಣಕ ವ್ಯವಸ್ಥೆಯನ್ನು ಪ್ರವೇಶಿಸಿದ ಕ್ಷಣವೇ ಅದನ್ನು ಸ್ವೀಕರಿಸಿದ ಕಾಲವೆನಿಸುತ್ತದೆ. ಉಭಯ ಪಕ್ಷಗಳು ಬೇರೆ ರೀತಿ ಒಪ್ಪಿಕೊಂಡಿದ್ದರೆ ಅದು ಬೇರೆ ಮಾತು. ಪ್ರವೇಶಿಸಿದ ಪತ್ರ ಯಾವ ಪೆಟ್ಟಿಗೆಯಲ್ಲಿ ಕುಳಿತಿದೆಯೆಂಬ ಭೇದವನ್ನು ಈ ಪ್ರಕರಣ ಎಣಿಸುವುದಿಲ್ಲ.

ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆ, 2017ರ 169ನೆಯ ಪ್ರಕರಣವು ನೋಟೀಸು ಜಾರಿ ಮಾಡುವ ವಿಧಾನಗಳಲ್ಲಿ ನೋಂದಣಿ ವೇಳೆ ಕೊಟ್ಟ ಇ-ಮೇಲ್ ವಿಳಾಸಕ್ಕೆ ಕಳುಹಿಸುವುದನ್ನೂ, ಪೋರ್ಟಲ್‌ನಲ್ಲಿ ಲಭ್ಯವಾಗಿಸುವುದನ್ನೂ ಸೇರಿಸಿದೆ. ರಿಟರ್ನ್ ಪರಿಶೀಲನೆಯ ನೋಟೀಸಿಗೆ ಉತ್ತರಿಸಲು ಸಾಮಾನ್ಯವಾಗಿ 30 ದಿನ ಮೀರದ ಅವಧಿ ಇರುತ್ತದೆ. ನೋಂದಣಿ ರದ್ದತಿಯ ಕಾರಣ ಕೇಳುವ ನೋಟೀಸಿಗಾದರೆ 7 ಕೆಲಸದ ದಿನಗಳು ಮಾತ್ರ. ಇತ್ತ ಜಿಮೇಲ್‌ನ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದ ಪತ್ರವು 30 ದಿನಗಳ ನಂತರ ತಾನಾಗಿಯೇ ಅಳಿಸಿಹೋಗುತ್ತದೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ಅಪಾಯ ಸ್ಪಷ್ಟವಾಗುತ್ತದೆ: ಉತ್ತರ ಕೊಡುವ ಗಡುವು ಮುಗಿಯುವ ಹೊತ್ತಿಗೆ, ನೋಟೀಸು ಬಂದಿತ್ತೆಂದು ತಿಳಿಸುವ ಪತ್ರವೂ ಕಣ್ಮರೆಯಾಗಿರುತ್ತದೆ.

ಇನ್ನೊಂದು ಸಾಮಾನ್ಯ ಲೋಪವನ್ನೂ ಹೇಳಬೇಕು. 2017ರಲ್ಲಿ ಜಿ.ಎಸ್.ಟಿ. ಆರಂಭವಾದಾಗ ಅನೇಕ ಸಣ್ಣ ವರ್ತಕರು ತಮ್ಮ ತೆರಿಗೆ ಸಲಹೆಗಾರರ ಇ-ಮೇಲ್ ಹಾಗೂ ಮೊಬೈಲ್ ಸಂಖ್ಯೆಯನ್ನೇ ನಮೂದಿಸಿದ್ದುಂಟು. ಸಲಹೆಗಾರರು ಬದಲಾದರೂ ವಿಳಾಸ ಬದಲಾಗಿರುವುದಿಲ್ಲ. ಇಂಥ ಸಂದರ್ಭದಲ್ಲಿ ಪತ್ರ ನಮ್ಮ ಸ್ಪ್ಯಾಮ್‌ಗೂ ಬರುವುದಿಲ್ಲ. ಪೋರ್ಟಲ್‌ನಲ್ಲಿ ತಿದ್ದುಪಡಿಯ ಮೂಲಕ ಈ ವಿವರಗಳನ್ನು ಸರಿಪಡಿಸಿಕೊಳ್ಳಬಹುದು. ಇ-ಮೇಲ್ ಬಂದರೂ ಬಾರದಿದ್ದರೂ ವಾರಕ್ಕೊಮ್ಮೆ ಪೋರ್ಟಲ್ ತೆರೆದು ನೋಟೀಸುಗಳ ಪುಟವನ್ನು ನೋಡುವುದೇ ನಿಜವಾದ ರಕ್ಷೆ.

ಕಾಣೆಯಾದ ಪತ್ರವನ್ನು ಹುಡುಕುವ ಕ್ರಮ

ಪತ್ರ ಬರಲಿಲ್ಲವೆಂದಾಗ ಗಾಬರಿಗೊಂಡು ಸಿಕ್ಕ ಸಿಕ್ಕ ಗುಂಡಿಗಳನ್ನು ಒತ್ತುವುದಕ್ಕಿಂತ ಕ್ರಮವಾಗಿ ಹುಡುಕುವುದು ಲೇಸು.

1. ಮೊದಲು ಕಳುಹಿಸಿದವರನ್ನು ದೂರವಾಣಿಯಲ್ಲಿ ವಿಚಾರಿಸಿ. ಯಾವ ವಿಳಾಸದಿಂದ, ಯಾವ ವಿಳಾಸಕ್ಕೆ, ಯಾವ ದಿನ, ಎಷ್ಟು ಹೊತ್ತಿಗೆ ಕಳುಹಿಸಿದರೆಂಬುದನ್ನು ಅಕ್ಷರಶಃ ಬರೆದುಕೊಳ್ಳಿ. ವಿಳಾಸದಲ್ಲಿ ಒಂದಕ್ಷರ ತಪ್ಪಿದರೂ ಪತ್ರ ಬೇರೆಯವರ ಪಾಲಾಗುತ್ತದೆ. ಅವರಿಗೆ “ತಲುಪಲಿಲ್ಲ” ಎಂಬ ಮರುಪತ್ರ ಬಂದಿದೆಯೇ ಎಂದೂ ಕೇಳಿ. ಅದರಲ್ಲಿ 5ರಿಂದ ಆರಂಭವಾಗುವ ಸಂಖ್ಯೆಯಿದ್ದರೆ, ಉದಾಹರಣೆಗೆ 550, ಪತ್ರ ಶಾಶ್ವತವಾಗಿ ತಿರಸ್ಕೃತವಾಗಿದೆ ಎಂದರ್ಥ. 4ರಿಂದ ಆರಂಭವಾದರೆ ತಡೆ ತಾತ್ಕಾಲಿಕ, ಅವರ ಸರ್ವರ್ ಮತ್ತೆ ಪ್ರಯತ್ನಿಸುತ್ತದೆ. ತಿರಸ್ಕೃತವಾದ ಪತ್ರ ನಮ್ಮ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

2. ಬಳಿಕ ಎಲ್ಲ ಪೆಟ್ಟಿಗೆಗಳಲ್ಲಿ ಹುಡುಕಿ. ಜಿಮೇಲ್‌ನ ಸಾಮಾನ್ಯ ಹುಡುಕಾಟದಲ್ಲಿ ಸ್ಪ್ಯಾಮ್ ಹಾಗೂ ಟ್ರ್ಯಾಶ್ ಸೇರುವುದಿಲ್ಲವೆಂಬುದನ್ನು ಹಲವರು ಅರಿಯರು. ಹುಡುಕಾಟದ ಆಯ್ಕೆಗಳಲ್ಲಿ ಸ್ಪ್ಯಾಮ್ ಮತ್ತು ಟ್ರ್ಯಾಶ್ ಸಹಿತ ಹುಡುಕುವಂತೆ ಸೂಚಿಸಬೇಕು. ಪ್ರಮೋಷನ್ಸ್, ಅಪ್‌ಡೇಟ್ಸ್ ಎಂಬ ವಿಭಾಗಗಳನ್ನೂ ನೋಡಿ. ಅಲ್ಲಿರುವ ಪತ್ರ ಸ್ಪ್ಯಾಮ್ ಅಲ್ಲ, ಆದರೆ ಮೊದಲ ಪುಟದಲ್ಲಿ ಕಣ್ಣಿಗೆ ಬೀಳುವುದಿಲ್ಲ.

3. ಖಾತೆಯ ಸಂಗ್ರಹಣಾ ಸ್ಥಳ ತುಂಬಿದೆಯೇ ನೋಡಿ. ಗೂಗಲ್‌ನ ಪುಕ್ಕಟೆ ಖಾತೆಯಲ್ಲಿ ಇ-ಮೇಲ್, ಕಡತ, ಛಾಯಾಚಿತ್ರ ಎಲ್ಲಕ್ಕೂ ಸೇರಿ 15 ಗಿಗಾಬೈಟ್ ಸ್ಥಳವಷ್ಟೇ. 2021ರ ಜೂನ್‌ನಿಂದೀಚೆಗೆ ಮೊಬೈಲ್‌ನಿಂದ ಹೋಗುವ ಹೊಸ ಚಿತ್ರಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಮನೆಯ ಮದುವೆಯ ಚಿತ್ರಗಳಿಂದ ಸ್ಥಳ ತುಂಬಿ ವ್ಯಾಪಾರದ ಪತ್ರಗಳು ಬಾಗಿಲಿನಿಂದಲೇ ಹಿಂದಿರುಗುವುದು ಅಪರೂಪವಲ್ಲ.

4. ಗಣಕದಲ್ಲಿ ಔಟ್‌ಲುಕ್ ಅಥವಾ ಥಂಡರ್‌ಬರ್ಡ್ ಬಳಸುವವರು, ಖಾತೆಯು ಪಾಪ್ ವಿಧಾನದಲ್ಲಿದೆಯೇ ಎಂದು ಪರಿಶೀಲಿಸಬೇಕು. ಪಾಪ್ ವಿಧಾನವು ಸರ್ವರ್‌ನ ಇನ್‌ಬಾಕ್ಸ್‌ನಲ್ಲಿರುವುದನ್ನು ಮಾತ್ರ ಇಳಿಸಿಕೊಳ್ಳುತ್ತದೆ. ಸರ್ವರ್‌ನಲ್ಲಿರುವ ಸ್ಪ್ಯಾಮ್ ಪೆಟ್ಟಿಗೆ ನಿಮ್ಮ ಗಣಕದಲ್ಲಿ ಎಂದೂ ಕಾಣಿಸುವುದಿಲ್ಲ. ಬ್ರೌಸರ್ ಮೂಲಕ ಖಾತೆಯನ್ನು ತೆರೆದು ನೋಡುವುದೊಂದೇ ದಾರಿ. ಐಮ್ಯಾಪ್ ವಿಧಾನಕ್ಕೆ ಬದಲಾಯಿಸಿಕೊಂಡರೆ ಈ ತೊಂದರೆ ತಪ್ಪುತ್ತದೆ.

5. ಸಂಸ್ಥೆಯ ಸ್ವಂತ ಡೊಮೈನ್ ವಿಳಾಸವಿದ್ದರೆ, ಅದರ ಆಡಳಿತ ಪುಟದಲ್ಲಿ ಕ್ವಾರಂಟೈನ್ ಎಂಬ ವಿಭಾಗವನ್ನೂ ನೋಡಬೇಕು. ಅಲ್ಲಿ ತಡೆಹಿಡಿದ ಪತ್ರಗಳು ಬಳಕೆದಾರರ ಸ್ಪ್ಯಾಮ್ ಪೆಟ್ಟಿಗೆಗೂ ಬರುವುದಿಲ್ಲ. ನಿಗದಿತ ದಿನಗಳ ಬಳಿಕ ಅಳಿಸಿಹೋಗುತ್ತವೆ.

6. ಕೊನೆಯದಾಗಿ, ಖಾತೆಯ ಸೆಟ್ಟಿಂಗ್ಸ್‌ನಲ್ಲಿರುವ ಫಿಲ್ಟರ್ ನಿಯಮಗಳು, ತಡೆಹಿಡಿದ ವಿಳಾಸಗಳ ಪಟ್ಟಿ, ಮುಂದಕ್ಕೆ ರವಾನಿಸುವ ಏರ್ಪಾಡು, ಈ ಮೂರನ್ನೂ ಓದಿ ನೋಡಿ. ಹಿಂದೆಂದೋ ಬೇಸರದಲ್ಲಿ ತಡೆಹಿಡಿದ ವಿಳಾಸ ಅಲ್ಲಿರಬಹುದು. ನೀವು ಮಾಡದ ನಿಯಮವೊಂದು ಅಲ್ಲಿ ಕಂಡರೆ ಮಾತ್ರ ಕೂಡಲೇ ಎಚ್ಚೆತ್ತುಕೊಳ್ಳಬೇಕು. ಖಾತೆಯನ್ನು ಕದ್ದು ಪ್ರವೇಶಿಸಿದ ವಂಚಕರು ಗಿರಾಕಿಯ ಪತ್ರಗಳನ್ನು ಒಡೆಯರ ಕಣ್ಣಿಗೆ ಬೀಳದ ಪೆಟ್ಟಿಗೆಗೆ ಸಾಗಿಸುವ ನಿಯಮಗಳನ್ನು ರಚಿಸುವುದು ಅವರ ಪರಿಚಿತ ತಂತ್ರ. ಅಂಥ ಸಂದರ್ಭದಲ್ಲಿ ನಿಯಮವನ್ನು ಅಳಿಸಿ, ಗುಪ್ತಪದವನ್ನು ಬದಲಾಯಿಸಿ, ಎರಡು ಹಂತದ ದೃಢೀಕರಣವನ್ನು ಅಳವಡಿಸಿಕೊಳ್ಳಬೇಕು.

ಜರಡಿಗೆ ಕಲಿಸುವುದು ಹೇಗೆ?

ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬೇಕಾದ ಪತ್ರ ಸಿಕ್ಕರೆ ಅದನ್ನು ಓದಿ ಅಲ್ಲಿಯೇ ಬಿಡಬಾರದು. “ಸ್ಪ್ಯಾಮ್ ಅಲ್ಲ” ಎಂಬ ಗುಂಡಿಯನ್ನು ಒತ್ತಬೇಕು. ಯಂತ್ರ ಕಲಿಯುವುದು ಇದರಿಂದಲೇ. ಆ ವಿಳಾಸವನ್ನು ಸಂಪರ್ಕ ಪಟ್ಟಿಗೆ ಸೇರಿಸಿ, ಪತ್ರಕ್ಕೆ ಒಂದು ಉತ್ತರವನ್ನೂ ಕಳುಹಿಸಿ. ಪತ್ರವ್ಯವಹಾರ ಇಬ್ಬರ ನಡುವಿನದೆಂಬುದಕ್ಕೆ ಅದು ಪುರಾವೆ. ಬಹುಮುಖ್ಯ ಗಿರಾಕಿಗಳ ಮಟ್ಟಿಗೆ, ಅವರ ವಿಳಾಸದಿಂದ ಬಂದದ್ದನ್ನು ಎಂದೂ ಸ್ಪ್ಯಾಮ್‌ಗೆ ಕಳುಹಿಸಬಾರದೆಂಬ ಫಿಲ್ಟರ್ ನಿಯಮವನ್ನು ಜಿಮೇಲ್‌ನಲ್ಲಿ ರಚಿಸಿಕೊಳ್ಳಬಹುದು.

ಇಲ್ಲಿ ಒಂದು ಮಿತಿಯನ್ನು ಪಾಲಿಸಬೇಕು. ಸಂಪೂರ್ಣ ಜಿಮೇಲ್ ಡೊಮೈನನ್ನೋ ನಮ್ಮದೇ ಸಂಸ್ಥೆಯ ಡೊಮೈನನ್ನೋ ಈ ರೀತಿ ಬಿಟ್ಟುಕೊಳ್ಳುವುದು ಕಣಜಕ್ಕೆ ಬಾಗಿಲಿಲ್ಲದಂತೆ ಮಾಡಿದ ಹಾಗೆ. ವಂಚಕರು ಮಾಲೀಕರ ಹೆಸರಿನಲ್ಲಿಯೇ, ಸಂಸ್ಥೆಯ ವಿಳಾಸವನ್ನೇ ನಕಲು ಮಾಡಿ ಸಿಬ್ಬಂದಿಗೆ ಪತ್ರ ಬರೆಯುತ್ತಾರೆ. ನಿರ್ದಿಷ್ಟ ವಿಳಾಸಗಳಿಗೆ ಮಾತ್ರ ವಿನಾಯಿತಿ ಕೊಡುವುದು ಕ್ಷೇಮ.

ಹಾಗೆಯೇ, ಒಮ್ಮೆ ತಾನಾಗಿ ಕೇಳಿ ತರಿಸಿಕೊಂಡ ದರಪಟ್ಟಿಯನ್ನು ಈಗ ಬೇಡವೆಂದು ಸ್ಪ್ಯಾಮ್ ಎಂದು ದೂರುವುದೂ ಸರಿಯಲ್ಲ. ಅಲ್ಲಿ ಚಂದಾ ರದ್ದು ಮಾಡುವ ಕೊಂಡಿಯನ್ನು ಬಳಸಬೇಕು. ಇಂದು ಅನವಶ್ಯಕವಾಗಿ ಮಾಡಿದ ದೂರಿನಿಂದ ನಾಳೆ ಅದೇ ಸಂಸ್ಥೆಯ ಸರಕುಪಟ್ಟಿಯೂ ಸ್ಪ್ಯಾಮ್ ಪಾಲಾಗಬಹುದು.

ಕಳುಹಿಸುವವರ ಹೊಣೆ

ನಾವು ಪತ್ರ ಪಡೆಯುವವರಷ್ಟೇ ಅಲ್ಲ, ಕಳುಹಿಸುವವರೂ ಹೌದು. ನಮ್ಮ ದರಪಟ್ಟಿ, ಸರಕುಪಟ್ಟಿ, ಬಾಕಿ ಜ್ಞಾಪನೆಗಳು ಗಿರಾಕಿಯ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಕೊಳೆಯುತ್ತಿದ್ದರೆ ನಮಗೆ ಅದು ತಿಳಿಯುವ ಬಗೆಯೇ ಇಲ್ಲ. ಬಾಕಿ ವಸೂಲಿ ತಡವಾಗುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಇದನ್ನು ಪರೀಕ್ಷಿಸಲು ಸುಲಭ ಉಪಾಯವೊಂದಿದೆ. ಸಂಸ್ಥೆಯ ವಿಳಾಸದಿಂದ ನಿಮ್ಮದೇ ಜಿಮೇಲ್ ಖಾತೆಗೆ ಒಂದು ಪತ್ರ ಕಳುಹಿಸಿ. ಗಣಕದಲ್ಲಿ ಅದನ್ನು ತೆರೆದು, ಪತ್ರದ ಮೂಲ ರೂಪವನ್ನು ತೋರಿಸುವ ಆಯ್ಕೆಯನ್ನು ಒತ್ತಿ. ಅಲ್ಲಿ ಎಸ್.ಪಿ.ಎಫ್., ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ “ಪಾಸ್” ಎಂದಿದ್ದರೆ ಗುರುತಿನ ಪತ್ರಗಳು ಸರಿಯಾಗಿವೆಯೆಂದು ತಿಳಿಯಬಹುದು. “ಫೇಲ್” ಎಂದಿದ್ದರೆ ಅಥವಾ ಯಾವುದಾದರೊಂದರ ಉಲ್ಲೇಖವೇ ಇಲ್ಲದಿದ್ದರೆ ಡೊಮೈನ್ ನೋಡಿಕೊಳ್ಳುವವರಿಗೆ ಆ ಪುಟವನ್ನು ಮುದ್ರಿಸಿ ಕೊಡಿ. ಬಿಲ್ಲುಗಳನ್ನು ನೇರವಾಗಿ ಕಳುಹಿಸುವ ಲೆಕ್ಕಪತ್ರ ತಂತ್ರಾಂಶವಿದ್ದರೆ, ಅದು ಬಳಸುವ ಸರ್ವರ್ ಕೂಡ ಎಸ್.ಪಿ.ಎಫ್. ಪಟ್ಟಿಯಲ್ಲಿರಬೇಕೆಂಬುದನ್ನು ಮರೆಯಬಾರದು.

ಅಗ್ಗದ ಬಾಡಿಗೆ ಸರ್ವರ್‌ಗಳಲ್ಲಿ ಒಂದೇ ಐ.ಪಿ. ವಿಳಾಸವನ್ನು ನೂರಾರು ಸಂಸ್ಥೆಗಳು ಹಂಚಿಕೊಂಡಿರುತ್ತವೆ. ಅವುಗಳಲ್ಲಿ ಒಂದು ಸ್ಪ್ಯಾಮ್ ಕಳುಹಿಸಿದರೆ ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳ ತಡೆಪಟ್ಟಿಗೆ ಆ ವಿಳಾಸ ಸೇರಿ, ನೆರೆಯವನ ತಪ್ಪಿಗೆ ನಮಗೂ ದಂಡ ಬೀಳುತ್ತದೆ. ಹಾಗೆಯೇ, ಸಂಸ್ಥೆಯ ವಿಳಾಸಕ್ಕೆ ಬಂದ ಪತ್ರಗಳನ್ನು ತಾನಾಗಿಯೇ ಸ್ವಂತ ಜಿಮೇಲ್‌ಗೆ ರವಾನಿಸುವ ಏರ್ಪಾಡೂ ಸಂಕಟಕ್ಕೆ ಮೂಲ. ನಡುವಿನ ಸರ್ವರ್ ಮೂಲ ಕಳುಹಿಸಿದವರ ಪಟ್ಟಿಯಲ್ಲಿ ಇರುವುದಿಲ್ಲವಾದ್ದರಿಂದ ಎಸ್.ಪಿ.ಎಫ್. ಪರೀಕ್ಷೆ ಅಲ್ಲಿ ಸೋಲುತ್ತದೆ. ಮೊಬೈಲ್‌ನಲ್ಲಿ ಎರಡೂ ಖಾತೆಗಳನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳುವುದು ಇದಕ್ಕಿಂತ ಉತ್ತಮ.

ಬರೆಯುವ ರೀತಿಯಲ್ಲಿಯೂ ಶಿಸ್ತು ಬೇಕು. ವಿಷಯದ ಸಾಲಿನಲ್ಲಿ ಸಂಸ್ಥೆಯ ಹೆಸರು, ಆದೇಶ ಅಥವಾ ಬಿಲ್ಲಿನ ಸಂಖ್ಯೆ, ದಿನಾಂಕ ಇರಲಿ. ಒಳಗೆ ನಾಲ್ಕು ಸಾಲು ಬರೆದು, ಕೆಳಗೆ ಹೆಸರು ಹಾಗೂ ದೂರವಾಣಿ ಸಂಖ್ಯೆ ಕೊಡಿ. ಜಿಪ್ ಬದಲು ಪಿ.ಡಿ.ಎಫ್. ಲಗತ್ತಿಸಿ. ಸಂಕ್ಷಿಪ್ತ ಕೊಂಡಿಗಳನ್ನು ಬಳಸಬೇಡಿ. ದರಪಟ್ಟಿಯನ್ನು ನೂರಾರು ಮಂದಿಗೆ ಸ್ವಂತ ಜಿಮೇಲ್ ಖಾತೆಯಿಂದ ಒಮ್ಮೆಗೇ ಕಳುಹಿಸಬೇಡಿ. ದಿನಕ್ಕೆ 500 ಮಂದಿಯ ಮಿತಿ ಅಲ್ಲಿದ್ದು, ಮೀರಿದರೆ ಖಾತೆಯಿಂದ ಪತ್ರ ಹೋಗುವುದೇ ತಾತ್ಕಾಲಿಕವಾಗಿ ನಿಲ್ಲುತ್ತದೆ.

ಸಿಕ್ಕಿದ್ದೆಲ್ಲ ಕಾಳಲ್ಲ

ಹೊಟ್ಟಿನ ಗುಡ್ಡೆಯಲ್ಲಿ ಕೈಯಾಡಿಸುವವನು ಮುಳ್ಳಿನ ಬಗೆಗೂ ಎಚ್ಚರವಿರಬೇಕು. ಸ್ಪ್ಯಾಮ್ ಪೆಟ್ಟಿಗೆಯಲ್ಲಿರುವ ಪತ್ರಗಳಲ್ಲಿ ಬಹುಪಾಲು ನಿಜವಾಗಿಯೂ ಕೆಟ್ಟವೇ. ಪರಿಚಿತರ ಹೆಸರಿದೆಯೆಂದ ಮಾತ್ರಕ್ಕೆ ಲಗತ್ತನ್ನು ತೆರೆಯಬಾರದು. ಪೂರ್ಣ ವಿಳಾಸವನ್ನು ಅಕ್ಷರ ಬಿಡದೆ ಓದಬೇಕು. ಮುಖ್ಯವಾಗಿ, ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹಣವನ್ನು ಹೊಸ ಖಾತೆಗೆ ಹಾಕಿ ಎಂಬ ಪತ್ರ ಯಾವ ಪೆಟ್ಟಿಗೆಯಲ್ಲಿ ಸಿಕ್ಕರೂ, ಮೊದಲೇ ತಿಳಿದಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಕೇಳದೆ ಒಂದು ರೂಪಾಯಿಯನ್ನೂ ಕಳುಹಿಸಬಾರದು. ಪತ್ರದೊಳಗೆ ಕೊಟ್ಟ ಸಂಖ್ಯೆಗೆ ಕರೆ ಮಾಡಿದರೆ ವಂಚಕನೇ ಉತ್ತರಿಸಿಯಾನು. ಹಣ ಹೋದದ್ದು ಗೊತ್ತಾದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬೇಕು.

ಒಂದು ಸಣ್ಣ ರೂಢಿ

ಹೊಳವನಹಳ್ಳಿಯ ವರ್ತಕರು ಜಿ.ಎಸ್.ಟಿ. ನೋಟೀಸಿಗೆ ಗಡುವಿನೊಳಗೆ ಉತ್ತರ ಸಲ್ಲಿಸಿದರು. ಆ ಖರೀದಿ ಸಂಸ್ಥೆಗೂ ನಡೆದದ್ದನ್ನು ವಿವರಿಸಿ ಪತ್ರ ಬರೆದರು. ಆ ಸಂಸ್ಥೆಯವರು ತಮ್ಮ ಎಸ್.ಪಿ.ಎಫ್. ಪಟ್ಟಿಯನ್ನು ಸರಿಪಡಿಸಿಕೊಂಡರು, ಹೋದ ಆದೇಶ ಮರಳಿ ಬರಲಿಲ್ಲವಾದರೂ ಮನಸ್ತಾಪ ಉಳಿಯಲಿಲ್ಲ. ಈಗ ಆ ವರ್ತಕರು ದಿನವೂ ಬೆಳಿಗ್ಗೆ ಅಂಗಡಿಯಲ್ಲಿ ದೀಪ ಹಚ್ಚಿ, ಧಾರಣೆ ವಿಚಾರಿಸುವ ಮೊದಲು ಐದು ನಿಮಿಷ ಸ್ಪ್ಯಾಮ್ ಪೆಟ್ಟಿಗೆಯನ್ನು ನೋಡುತ್ತಾರೆ. ಮುಖ್ಯವಾದ ಯಾವುದೇ ಪತ್ರದ ವಿಷಯದಲ್ಲಿ “ಕಳುಹಿಸಿದ್ದೇವೆ” ಎಂಬ ಮಾತಿಗೆ “ತಲುಪಿತು” ಎಂಬ ಮರುಮಾತು ದೂರವಾಣಿಯಲ್ಲಿಯೇ ಆಗಬೇಕೆಂದು ಗಿರಾಕಿಗಳೊಡನೆ ಒಪ್ಪಂದ ಮಾಡಿಕೊಂಡಿದ್ದಾರೆ.

ಜರಡಿ ಎಷ್ಟೇ ಸೂಕ್ಷ್ಮವಾದರೂ ಅದಕ್ಕೆ ನಮ್ಮ ವ್ಯಾಪಾರ ತಿಳಿಯದು. ಯಾವ ಪತ್ರ ನಮಗೆ ಕಾಳು, ಯಾವುದು ಜೊಳ್ಳು ಎಂಬ ಅಂತಿಮ ತೀರ್ಮಾನ ಮಾಲೀಕನದೇ. ಸದಸ್ಯ ಬಾಂಧವರು ಈ ಲೇಖನವನ್ನು ಓದಿ ಮುಗಿಸಿದೊಡನೆ ತಮ್ಮ ಸ್ಪ್ಯಾಮ್ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಲಿ ಎಂದು ವಿನಂತಿ.